ಸತ್ಯಾಂಶ: ಹೊಗೆ ಕಾಣದಿದ್ದರೆ ಗಾಳಿ ಶುದ್ಧವೇ?

ಕಾಸರಗೋಡು, ಕುಂಬಳೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತಿ ಬರುವ ಸಂದೇಶವೊಂದರ ಸಾರವಿಷ್ಟು: ಕಡಲ ಗಾಳಿ ಬೀಸುವ, ಹೊಗೆ ಕಾಣದ ಊರಿನಲ್ಲಿ ವಾಯುಮಾಲಿನ್ಯವಿಲ್ಲ. ಇದು ಸರಿಯಲ್ಲ. ಎಂಜಿನಿನ ಕಾವಿಗೆ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿ ಹುಟ್ಟುವ ನೈಟ್ರಿಕ್ ಆಕ್ಸೈಡ್‌ಗೆ ಬಣ್ಣವೇ ಇಲ್ಲ. ಅದು ನೈಟ್ರೋಜನ್ ಡೈಆಕ್ಸೈಡ್ ಆದಾಗ ಕೆಂಗಂದು ಬಣ್ಣ ತಳೆಯುತ್ತದಾದರೂ, ಹೆದ್ದಾರಿಯ ಬದಿಯಲ್ಲಿರುವಷ್ಟು ಅಲ್ಪ ಪ್ರಮಾಣದಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಕಡಲ ಗಾಳಿ ಅದನ್ನು ಚದುರಿಸುವುದು ನಿಜ, ಆದರೆ ಆ ಗಾಳಿ ದಿನವಿಡೀ ಬೀಸುವುದಿಲ್ಲವಲ್ಲ.

ಆದ್ದರಿಂದಲೇ ಅಳತೆಗೆ ಕಣ್ಣನ್ನು ನಂಬುವುದಿಲ್ಲ. ಮಾಪನ ಕೇಂದ್ರದ ಉಪಕರಣದೊಳಗೆ ನೈಟ್ರಿಕ್ ಆಕ್ಸೈಡ್ ಓಝೋನಿನೊಡನೆ ಬೆರೆತಾಗ ಹೊಮ್ಮುವ ಅತಿ ಮಂದ ಬೆಳಕನ್ನು ಅಳೆಯುತ್ತಾರೆ. ಡೈಆಕ್ಸೈಡನ್ನು ಮೊದಲು ನೈಟ್ರಿಕ್ ಆಕ್ಸೈಡಾಗಿ ಮಾರ್ಪಡಿಸಿ ಮತ್ತೊಮ್ಮೆ ಅಳೆದು, ಎರಡರ ವ್ಯತ್ಯಾಸದಿಂದ ಅದರ ಪ್ರಮಾಣ ತಿಳಿಯುತ್ತಾರೆ.

ಇಂಥ ಸಂದೇಶ ಬಂದಾಗ ಸರಕಾರಿ ಜಾಲತಾಣದಲ್ಲಿ ಹತ್ತಿರದ ಕೇಂದ್ರದ ಅಂಕಿಯನ್ನು ಯಾರೂ ನೋಡಬಹುದು. ಅದು ಯಾವ ಅನಿಲದ್ದು, ಎಷ್ಟು ತಾಸಿನ ಸರಾಸರಿ, ಕೇಂದ್ರ ಎಷ್ಟು ದೂರದಲ್ಲಿದೆ ಎಂಬುದನ್ನೂ ಗಮನಿಸಬೇಕು. 2009ರ ರಾಷ್ಟ್ರೀಯ ಮಾನದಂಡದಂತೆ ನೈಟ್ರೋಜನ್ ಡೈಆಕ್ಸೈಡಿನ 24 ತಾಸಿನ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ. ಫೋನಿನ ಆ್ಯಪ್ ತೋರಿಸುವ ಸಂಖ್ಯೆ ಹಲವು ಬಾರಿ ಅಂದಾಜು ಮಾತ್ರ, ನಿಮ್ಮ ಅಂಗಳದಲ್ಲಿ ಅಳೆದದ್ದಲ್ಲ.