ಓಪನ್ ಸೋರ್ಸ್‌ಗೆ ಫೀಸ್ ಇಲ್ಲ

‘ಓಪನ್ ಸೋರ್ಸ್‌ಗೆ ಕೋಡ್ ಕೊಡಬೇಕಂದ್ರೆ ಮೊದಲು ಫೀಸ್ ಕಟ್ಟಿ ಹೆಸರು ಬರೆಸಬೇಕು’ ಎಂಬ ಸಂದೇಶ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಓಪನ್ ಸೋರ್ಸ್ ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ. ಈ ಸಂದೇಶ ಸುಳ್ಳು. ದಯವಿಟ್ಟು ಯಾರೂ ದುಡ್ಡು ಕಳಿಸಬೇಡಿ.

ಇಂಥ ಯೋಜನೆಗಳ ಕೋಡ್ ಇಡುವ ಜಾಲತಾಣ ಗಿಟ್‌ಹಬ್‌ನಲ್ಲಿ ಖಾತೆ ಪುಕ್ಕಟೆ ಸಿಗುತ್ತದೆ. ಯೋಜನೆಯನ್ನು ಫೋರ್ಕ್ ಮಾಡಿ (ಅಂದರೆ ನಿಮ್ಮದೇ ಒಂದು ಪ್ರತಿ ಮಾಡಿಕೊಂಡು), ಆ ಪ್ರತಿಯಲ್ಲಿ ತಿದ್ದಿ, ಪುಲ್ ರಿಕ್ವೆಸ್ಟ್ (ತಿದ್ದಿದ್ದನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿದರೆ ಸಾಕು. ನಿರ್ವಾಹಕರು ಒಂದೊಂದೇ ಸಾಲು ನೋಡಿ ಬದಲಾವಣೆ ಕೇಳಬಹುದು, ಬೇಡ ಅನ್ನಲೂಬಹುದು. ನೋಡುವುದು ಕೆಲಸವನ್ನು, ದುಡ್ಡನ್ನಲ್ಲ.

ಕೋಡ್ ಬರಲ್ವಾ? ಮೊಜಿಲ್ಲಾದ ಅನುವಾದ ತಾಣ ಪೊಂಟೂನ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್‌ನ ಸಾಲುಗಳನ್ನು ಕನ್ನಡಕ್ಕೆ ತನ್ನಿ. ನಮ್ಮ ಭಾಷೆಗೆ ಇಂಥ ಕೈಗಳೇ ಜಾಸ್ತಿ ಬೇಕು. ಹೊಸಬರು ಬರೆದದ್ದು ಮೊದಲು ಸಲಹೆಯಾಗಿ ಉಳಿಯುತ್ತದೆ, ಅನುಭವಿಗಳು ಒಪ್ಪಿದ ಮೇಲೆ ಸೇರುತ್ತದೆ.

ಹೊಸಬರು ಮಾರ್ಗದರ್ಶಕರ ಜೊತೆ ಓಪನ್ ಸೋರ್ಸ್ ಕೆಲಸ ಮಾಡುವ, 2005ರಲ್ಲಿ ಶುರುವಾದ ‘ಗೂಗಲ್ ಸಮ್ಮರ್ ಆಫ್ ಕೋಡ್’ ಕಾರ್ಯಕ್ರಮಕ್ಕೂ ಅರ್ಜಿ ಶುಲ್ಕವಿಲ್ಲ. ಕೆಲಸ ಮುಗಿಸಿದವರಿಗೆ ಗೂಗಲ್ಲೇ ಸ್ಟೈಪೆಂಡ್ ಕೊಡುತ್ತದೆ.