ಕಿಟಕಿಯ ಬಾಡಿಗೆ ಯಾರ ಕೈ ಸೇರುತ್ತದೆ?

ಲೈಂಗಿಕ ಕೆಲಸದ ಬಗ್ಗೆ ಚರ್ಚೆ ಶುರುವಾದರೆ ಸಾಕು, ಯಾರಾದರೂ ಒಬ್ಬರು ಆಮ್‌ಸ್ಟರ್‌ಡ್ಯಾಮ್ ಹೆಸರು ಎತ್ತುತ್ತಾರೆ. "ಅಲ್ಲಿ ಕಾನೂನೇ ಒಪ್ಪಿಗೆ ಕೊಟ್ಟಿದೆ, ಎಷ್ಟು ಚೆನ್ನಾಗಿ ನಡೀತಿದೆ ನೋಡಿ" ಅಂತ ಒಬ್ಬರು. "ಒಪ್ಪಿಗೆ ಕೊಟ್ಟಿದ್ದಕ್ಕೇ ಹೆಣ್ಣುಮಕ್ಕಳ ಸಾಗಣೆ ಜಾಸ್ತಿಯಾಯ್ತು" ಅಂತ ಇನ್ನೊಬ್ಬರು. ನಮ್ಮ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ಇದೇ ಜಗಳ. ನಾನು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟೆಲ್‌ವೇನ್‌ನಲ್ಲಿ ಇರುವವಳು, ಲೆಕ್ಕಪತ್ರದ ಕೆಲಸ ಮಾಡುವವಳು. ಹಾಗಾಗಿ ನನ್ನ ಕಣ್ಣು ಮೊದಲು ದುಡ್ಡಿನ ಕಡೆಗೇ ಹೋಗುತ್ತದೆ. ಈ ಜಗಳದಲ್ಲಿ ಯಾರೂ ಕೇಳದ ಪ್ರಶ್ನೆಯೂ ಅದೇ. ಆ ಹೆಣ್ಣುಮಗಳು ದುಡಿದ ಹಣ ಕೊನೆಗೆ ಎಲ್ಲಿಗೆ ಹೋಗುತ್ತದೆ?

ಮೊದಲು ಜಾಗ ಹೇಗಿದೆ ಅಂತ ಹೇಳಿಬಿಡುತ್ತೇನೆ. ಡೆ ವಾಲೆನ್ ಎಂಬ ಹಳೇ ಬಡಾವಣೆಯ ನಡುವೆ ಔಡೆ ಕೆರ್ಕ್ ಇದೆ. 1306ರಲ್ಲಿ ಪ್ರತಿಷ್ಠೆಯಾದ ಚರ್ಚು, ನಗರದ ಅತಿ ಹಳೆಯ ಕಟ್ಟಡ. ಅದರ ಸುತ್ತಲೇ ಕೆಂಪು ದೀಪದ ಕಿಟಕಿಗಳು. ಕಿಟಕಿ ಅಂದರೂ ಅದು ಗಾಜಿನ ಬಾಗಿಲು. ಒಳಗೆ ಒಂದು ಇಕ್ಕಟ್ಟಾದ ಕೋಣೆ. ಒಂದು ಮಂಚ, ಕೈ ತೊಳೆಯುವ ಬೇಸಿನ್, ಎತ್ತರದ ಸ್ಟೂಲು, ಅಪಾಯವಾದರೆ ಒತ್ತಲು ಗೋಡೆಯಲ್ಲಿ ಅಲಾರಂ ಗುಂಡಿ. ಪರದೆ ಎಳೆದಿದ್ದರೆ ಒಳಗೆ ಗಿರಾಕಿ ಇದ್ದಾನೆ ಎಂದು ಅರ್ಥ. ಈ ಕೋಣೆಗೆ ಒಂದು ಪಾಳಿಯ ಬಾಡಿಗೆ ಸುಮಾರು 100ರಿಂದ 150 ಯೂರೋ. ಗಿರಾಕಿ ಬರಲಿ, ಬಿಡಲಿ, ಮಳೆ ಬರಲಿ, ಮೈ ಹುಷಾರಿಲ್ಲದಿರಲಿ, ಬಾಡಿಗೆ ಕಟ್ಟಲೇಬೇಕು. ಅಂದರೆ ಮೊದಲು ಬರುವ ಒಂದಿಷ್ಟು ಗಿರಾಕಿಗಳ ದುಡ್ಡು ನೇರವಾಗಿ ಕಟ್ಟಡದ ಮಾಲೀಕನಿಗೆ. ಆಮೇಲೆ 21 ಶೇಕಡಾ ಮೌಲ್ಯವರ್ಧಿತ ತೆರಿಗೆ. ಅದಾದ ಮೇಲೆ ಆದಾಯ ತೆರಿಗೆ. ಆಕೆ ವಾಣಿಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡ ಸ್ವಂತ ಉದ್ಯಮಿ ತಾನೇ, ಲೆಕ್ಕ ಕೊಡಬೇಕು.

ಇದು ಇವತ್ತಿನ ಕಥೆಯಲ್ಲ. ಈ ನಗರ ಶ್ರೀಮಂತವಾದ ಕಥೆಯ ಒಳಗೇ ಇದು ಇದೆ.

15–16ನೇ ಶತಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೇಶ್ಯಾಗೃಹ ನಡೆಸುವ ಹಕ್ಕು ಯಾರಿಗಿತ್ತು ಗೊತ್ತಾ? ಸ್ಖೌಟ್ ಎಂಬ ಅಧಿಕಾರಿಯ ಕೈಕೆಳಗಿನ ನೌಕರರಿಗೆ. ಅಂದರೆ ಕಾನೂನು ಕಾಯಬೇಕಾದವರಿಗೇ. ಡ್ಯಾಮ್ ಚೌಕದ ಬಳಿಯ ಎರಡು ಓಣಿಗಳಲ್ಲಿ ಅವರದೇ ಮನೆಗಳು. 1578ರಲ್ಲಿ ನಗರ ಪ್ರಾಟೆಸ್ಟೆಂಟರ ಕೈಗೆ ಬಂತು, ಎಲ್ಲವನ್ನೂ ನಿಷೇಧಿಸಿದರು. ನಿಷೇಧ ಆಯಿತು, ದಂಧೆ ನಿಲ್ಲಲಿಲ್ಲ. ಸ್ಖೌಟ್‌ಗೆ ದಂಡದಲ್ಲಿ ಪಾಲು ಸಿಗುತ್ತಿತ್ತು. ಮದುವೆಯಾದ ಗಂಡಸು ಸಿಕ್ಕಿಬಿದ್ದರೆ ಅವನಿಂದ ದುಡ್ಡು ಇಸಿದುಕೊಂಡು ಕೇಸು ಮುಚ್ಚಬಹುದಿತ್ತು. ಬಡ ಹೆಂಗಸು ಸಿಕ್ಕಿಬಿದ್ದರೆ ಸ್ಪಿನ್‌ಹೌಸ್‌ಗೆ ಹೋಗುತ್ತಿದ್ದಳು. 1597ರಲ್ಲಿ ಶುರುವಾದ ಹೆಂಗಸರ ಸೆರೆಮನೆ ಅದು. ಅಲ್ಲಿ ನೂಲಬೇಕು, ಹೊಲಿಯಬೇಕು. ಅವರನ್ನು ನೋಡಲು ಹೊರಗಿನ ಜನ ಚಿಲ್ಲರೆ ಕಾಸು ಕೊಟ್ಟು ಬರುತ್ತಿದ್ದರು. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ತೊಳಸಿತು. ಹೊರಗಿದ್ದಾಗಲೂ ಅವಳಿಂದ ಸಂಪಾದನೆ, ಒಳಗೆ ಹಾಕಿದ ಮೇಲೂ ಅವಳಿಂದಲೇ ಸಂಪಾದನೆ.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ನಮ್ಮ ಕರಾವಳಿಗೂ ಇವರು ಬಂದಿದ್ದರು. ಕುಂದಾಪುರದ ಪಕ್ಕದ ಬಸ್ರೂರಿನಲ್ಲಿ 17ನೇ ಶತಮಾನದಲ್ಲಿ ಡಚ್ಚರ ಕೋಠಿ ಇತ್ತು, ಅಕ್ಕಿ, ಮೆಣಸು ಕೊಳ್ಳುತ್ತಿದ್ದರು. ಎರಡು ಶತಮಾನದಲ್ಲಿ ಈ ಕಂಪನಿ ಯುರೋಪಿನಿಂದ ಏಷ್ಯಾಕ್ಕೆ ಕಳಿಸಿದ ಜನ ಹತ್ತಿರ ಹತ್ತಿರ 10 ಲಕ್ಷ. ವಾಪಸ್ ಬಂದವರು ಅರ್ಧಕ್ಕಿಂತ ಕಡಿಮೆ. ಇಷ್ಟು ಗಂಡಸರು ಹಡಗು ಹತ್ತಿದರೆ ಊರಿನಲ್ಲಿ ಉಳಿಯುವವರು ಯಾರು? ಹೆಂಗಸರು. ಅವರಿಗೆ ಸಿಗುತ್ತಿದ್ದದ್ದು ಹೊಲಿಗೆ, ನೂಲುವುದು, ಮನೆಗೆಲಸ. ಕೂಲಿ ಹೊಟ್ಟೆಗೇ ಸಾಲದು. ಜರ್ಮನಿ ಕಡೆಯಿಂದ, ಡಚ್ ಹಳ್ಳಿಗಳಿಂದ ಕೆಲಸ ಹುಡುಕಿ ಬಂದ ಹುಡುಗಿಯರು ಬೇರೆ. ಇನ್ನೊಂದು ಕಡೆ ವರ್ಷಗಟ್ಟಲೆ ಸಮುದ್ರದಲ್ಲಿದ್ದು, ಬಾಕಿ ಸಂಬಳ ಒಟ್ಟಿಗೆ ಪಡೆದು ಇಳಿಯುವ ನಾವಿಕರು. ಅವರನ್ನು ಜನ ಆರು ವಾರದ ಸಾಹುಕಾರರು ಅಂತಲೇ ಕರೆಯುತ್ತಿದ್ದರು, ಅಷ್ಟರೊಳಗೆ ದುಡ್ಡೆಲ್ಲ ಖಾಲಿ.

ನನ್ನ ಮನಸ್ಸಿನಲ್ಲಿ ಕೂತದ್ದು ಸಾಲದ ವ್ಯವಹಾರ. ಆ ಕಾಲದಲ್ಲಿ ವಿಚಾರಣೆಗೆ ನಿಂತ ಹೆಂಗಸರ ಹೇಳಿಕೆಗಳು ನಗರದ ದಫ್ತರದಲ್ಲಿ ಇವತ್ತಿಗೂ ಇವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಬಟ್ಟೆಯ ಸಾಲ. ಒಳ್ಳೆ ಉಡುಪು ಇಲ್ಲದೆ ಗಿರಾಕಿ ಸಿಗುವುದಿಲ್ಲ. ಉಡುಪು ಮನೆಯೊಡತಿಯದು. ಅದರ ಬೆಲೆ, ಊಟ, ಹಾಸಿಗೆ, ಎಲ್ಲವೂ ಹುಡುಗಿಯ ಲೆಕ್ಕದಲ್ಲಿ ಏರುತ್ತಾ ಹೋಗುತ್ತದೆ. ತೀರಿಸದೆ ಹೊರಟರೆ ಕಳ್ಳತನದ ಆರೋಪ. ಪಕ್ಕದ ಓಣಿಯಲ್ಲೇ ಗಂಡಸರಿಗೂ ಇದೇ ಬಲೆ. ಕಂಪನಿಗೆ ಜನ ಸೇರಿಸುವ ದಲ್ಲಾಳಿಗಳು ನಿರ್ಗತಿಕ ಯುವಕರಿಗೆ ಊಟ, ವಸತಿ ಕೊಟ್ಟು 150 ಗಿಲ್ಡರ್ ಸಾಲದ ಚೀಟಿ ಬರೆಸಿಕೊಳ್ಳುತ್ತಿದ್ದರು. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 9 ಗಿಲ್ಡರ್. ಅಂದರೆ ಒಂದೂವರೆ ವರ್ಷದ ದುಡಿಮೆ ಹಡಗು ಹತ್ತುವ ಮೊದಲೇ ಹೋಯಿತು. ಆ ಹುಡುಗ ದಾರಿಯಲ್ಲಿ ಸತ್ತರೆ ಸಾಲ ಮುಳುಗುತ್ತದಲ್ಲ, ಅದಕ್ಕೇ ದಲ್ಲಾಳಿ ಆ ಚೀಟಿಯನ್ನು ಕಡಿಮೆ ಬೆಲೆಗೆ ದುಡ್ಡಿದ್ದವರಿಗೆ ಮಾರಿಬಿಡುತ್ತಿದ್ದ. ಕಾಲುವೆ ಪಕ್ಕದ ಆ ಚಂದದ ಮನೆಗಳ ಮುಂದೆ ನಾವು ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಸಂಪತ್ತಿನ ಬುಡದಲ್ಲಿ ಮೆಣಸು, ಜಾಯಿಕಾಯಿಯ ಜೊತೆ ಇಂಥ ಸಾಲದ ಚೀಟಿಗಳೂ ಇವೆ. ಗುಲಾಮರ ದುಡಿಮೆಯೂ ಇದೆ, ಅದನ್ನು ಬೇರೆಯಾಗಿಯೇ ಬರೆಯಬೇಕು.

ಮುಂದಿನ ಶತಮಾನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನೆಪೋಲಿಯನ್ ಕಾಲದಲ್ಲಿ ಫ್ರೆಂಚರು ಬಂದು ಹೆಂಗಸರಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ ಮಾಡಿದರು. ತಪಾಸಣೆ ಅವಳಿಗೆ ಮಾತ್ರ, ಸಿಪಾಯಿಗೆ ಕಾಯಿಲೆ ಅಂಟಬಾರದು ಅಂತ. 1911ರಲ್ಲಿ ಸಂಸತ್ತು ವೇಶ್ಯಾಗೃಹ ನಡೆಸುವುದನ್ನು ಅಪರಾಧ ಮಾಡಿತು. ಹೆಂಗಸು ತಾನೇ ಈ ಕೆಲಸ ಮಾಡುವುದು ಅಪರಾಧವಾಗಿರಲಿಲ್ಲ. ನಮ್ಮ 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯೂ ಹೆಚ್ಚೂಕಡಿಮೆ ಹೀಗೇ ಅಲ್ವಾ? ಕೆಲಸ ಅಪರಾಧವಲ್ಲ, ಆದರೆ ಅದರ ಸುತ್ತ ಇರುವುದೆಲ್ಲ ಅಪರಾಧ. ಡಚ್ಚರು ಕಾನೂನನ್ನು ಪುಸ್ತಕದಲ್ಲಿಟ್ಟು ಕಣ್ಣು ಮುಚ್ಚಿಕೊಂಡರು. ಕಿಟಕಿಗಳು ಬೆಳೆದವು. 1970ರ ದಶಕದಿಂದ ಥಾಯ್ಲೆಂಡ್, ಲ್ಯಾಟಿನ್ ಅಮೆರಿಕ, ಆಮೇಲೆ ಆಫ್ರಿಕ, ಆಮೇಲೆ ಪೂರ್ವ ಯುರೋಪಿನ ಹೆಂಗಸರು ಬಂದರು. ಎಲ್ಲಿ ಬಡತನ ಹೆಚ್ಚಾಯಿತೋ ಅಲ್ಲಿಂದ.

2000ದ ಅಕ್ಟೋಬರ್ 1ರಂದು ಆ ನಿಷೇಧ ಹೋಯಿತು. ಪರವಾನಗಿ ಪಡೆದು ವೇಶ್ಯಾಗೃಹ ನಡೆಸಬಹುದು ಎಂದಾಯಿತು. ನಾನು ಈ ನಿರ್ಧಾರದ ಪರ. ಇವತ್ತಿಗೂ ಪರ. ಕತ್ತಲಲ್ಲಿ ಮಾಡುವ ಕೆಲಸಕ್ಕಿಂತ ಅಲಾರಂ ಗುಂಡಿ ಇರುವ ಕೋಣೆ ಮೇಲು. ಪೊಲೀಸರನ್ನು ಕಂಡರೆ ಓಡುವ ಬದಲು ಪೊಲೀಸರನ್ನು ಕರೆಯುವಂತಾಗುವುದು ಮೇಲು. ಆದರೆ ಪರವಾನಗಿ ಸಿಕ್ಕಿದ್ದು ಯಾರಿಗೆ? ಕಟ್ಟಡ ಇದ್ದವನಿಗೆ. ಅವಳ ಕೈಗೆ ಬಂದದ್ದು ತೆರಿಗೆ ಸಂಖ್ಯೆ. 2001ರಲ್ಲಿ ಪೋಲೆಂಡ್, ಜೆಕ್ ದೇಶಗಳ ಕೆಲವು ಹೆಂಗಸರು ಯುರೋಪಿನ ನ್ಯಾಯಾಲಯದಲ್ಲಿ ಗೆದ್ದರು. ಇದೂ ಒಂದು ಆರ್ಥಿಕ ಚಟುವಟಿಕೆ, ಸ್ವಂತ ಉದ್ಯೋಗವಾಗಿ ಮಾಡಬಹುದು ಎಂದು ನ್ಯಾಯಾಲಯ ಹೇಳಿತು. ದೊಡ್ಡ ಗೆಲುವೇ. ಆದರೆ ಯುರೋಪಿನ ಒಕ್ಕೂಟದ ಆಚೆಯಿಂದ ಬಂದವಳಿಗೆ ಈ ಕೆಲಸಕ್ಕೆ ಪರವಾನಗಿಯೇ ಇಲ್ಲ. ಸಾಫ್ಟ್‌ವೇರಿಗೆ, ಲೆಕ್ಕಪತ್ರಕ್ಕೆ ನಮ್ಮಂಥವರನ್ನು ಕರೆಸಿಕೊಳ್ಳುವ ದೇಶ ಅವಳನ್ನು ಕಾನೂನಿನ ಹೊರಗೇ ಇಟ್ಟಿತು. ಹೊರಗಿದ್ದವಳು ತಲೆಹಿಡುಕನ ಕೈಗೆ ಸುಲಭವಾಗಿ ಸಿಗುತ್ತಾಳೆ.

ಒಳಗಿದ್ದವರೂ ಸಿಕ್ಕರು, ಅದನ್ನು ಮುಚ್ಚಿಡಬಾರದು. ಸ್ನೇಪ್ ಎಂಬ ಹೆಸರಿನ ತನಿಖೆಯಲ್ಲಿ ಬಯಲಾದ ಗ್ಯಾಂಗು ನೂರಕ್ಕೂ ಹೆಚ್ಚು ಹೆಂಗಸರನ್ನು ಹೊಡೆದು ಬಡಿದು ದುಡಿಸಿತ್ತು. ಆ ಹೆಂಗಸರಲ್ಲಿ ಬಹಳಷ್ಟು ಜನ ಕೂತಿದ್ದದ್ದು ಪರವಾನಗಿ ಇದ್ದ ಕಿಟಕಿಗಳಲ್ಲೇ. 2008ರಲ್ಲಿ ಶಿಕ್ಷೆಯಾಯಿತು. ಮರುವರ್ಷ ಮುಖ್ಯ ಆರೋಪಿಗೆ ತನ್ನ ಎಳೆ ಮಗುವನ್ನು ನೋಡಲು ರಜೆ ಕೊಟ್ಟರು, ಅವನು ಓಡಿಹೋದ. ಪರವಾನಗಿ ಫಲಕ ಗೋಡೆ ಮೇಲಿದ್ದರೆ ಒಳಗಿನವಳು ಕ್ಷೇಮ ಎಂದು ಹೇಳುವವರು ಈ ಪ್ರಕರಣ ಓದಬೇಕು.

ಇದಕ್ಕೆ ನಗರಸಭೆ ಕಂಡುಕೊಂಡ ಮದ್ದು ಕಿಟಕಿ ಮುಚ್ಚುವುದು. ಆ ಪ್ರದೇಶದ ಪಿನ್‌ಕೋಡ್ ಹೆಸರಿನಲ್ಲೇ 'ಯೋಜನೆ 1012' ಅಂತ 2007ರಲ್ಲಿ ಶುರು ಮಾಡಿದರು. ಅದೇ ವರ್ಷ ಒಬ್ಬನೇ ಮಾಲೀಕನ ಸುಮಾರು 50 ಕಿಟಕಿಗಳಿದ್ದ ಕಟ್ಟಡಗಳನ್ನು ಒಂದು ವಸತಿ ಸಂಸ್ಥೆ ಕೊಂಡಿತು. ಬೆಲೆ ಸುಮಾರು 2.5 ಕೋಟಿ ಯೂರೋ, ಅದರಲ್ಲಿ ನಗರಸಭೆಯ ದುಡ್ಡೂ ಇತ್ತು. ಮರುವರ್ಷ ಅದೇ ಕಿಟಕಿಗಳಲ್ಲಿ ಫ್ಯಾಷನ್ ವಿನ್ಯಾಸಕರು ಬಟ್ಟೆ ಪ್ರದರ್ಶನಕ್ಕಿಟ್ಟರು. ವರ್ಷಾನುಗಟ್ಟಲೆ ಬಾಡಿಗೆ ವಸೂಲಿ ಮಾಡಿದವನಿಗೆ ಕೋಟಿಗಟ್ಟಲೆ ಬೆಲೆ ಸಿಕ್ಕಿತು. ಆ ಬಾಡಿಗೆ ದುಡಿದು ಕೊಟ್ಟವರಿಗೆ ಆ ಬೆಲೆಯಲ್ಲಿ ಪಾಲಿಲ್ಲ, ಕೂರಲು ಜಾಗವೂ ಇಲ್ಲ. ಒಟ್ಟು ನೂರಕ್ಕೂ ಹೆಚ್ಚು ಕಿಟಕಿ ಮುಚ್ಚಿದವು. ಕಿಟಕಿ ಕಡಿಮೆಯಾದರೆ ಉಳಿದ ಕಿಟಕಿಯ ಮಾಲೀಕನ ಕೈ ಮೇಲಾಗುತ್ತದೆ, ಇದಕ್ಕೆ ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. 2015ರಲ್ಲಿ ಆ ಹೆಂಗಸರು ಬೀದಿಗಿಳಿದು ಹೇಳಿದ್ದೂ ಅದನ್ನೇ: ನಮ್ಮನ್ನು ಕಾಪಾಡಬೇಡಿ, ನಮ್ಮ ಕಿಟಕಿ ಕಾಪಾಡಿ. ಉಟ್ರೆಕ್ಟ್ ನಗರದಲ್ಲಿ 2013ರಲ್ಲಿ ಜಾಂಡ್‌ಪಾಡ್‌ನ ದೋಣಿಮನೆಗಳ ಕಿಟಕಿಗಳನ್ನೆಲ್ಲ ಮುಚ್ಚಿದರು. ಅಲ್ಲಿದ್ದವರು ಬೇರೆ ಊರುಗಳಿಗೆ ಚದುರಿದರು.

ಕೋವಿಡ್ ಕಾಲದ್ದು ಹೇಳಲೇಬೇಕು, ಏಕೆಂದರೆ ಆಗ ನಾನು ಇಲ್ಲೇ ಇದ್ದೆ, ದಿನಾ ಸುದ್ದಿ ನೋಡುತ್ತಿದ್ದೆ. 2021ರ ಮಾರ್ಚ್ 3ಕ್ಕೆ ಕ್ಷೌರದ ಅಂಗಡಿ, ಮಸಾಜ್, ಡ್ರೈವಿಂಗ್ ಕಲಿಸುವವರು, ಎಲ್ಲರಿಗೂ ಬಾಗಿಲು ತೆರೆಯಲು ಬಿಟ್ಟರು. ಮೈಗೆ ಮೈ ತಾಗುವ ಕೆಲಸಗಳ ಪೈಕಿ ಲೈಂಗಿಕ ಕೆಲಸಕ್ಕೆ ಮಾತ್ರ ಮೇ 19ರವರೆಗೆ ಕಾಯಿಸಿದರು. ಕ್ಲಬ್ಬುಗಳಲ್ಲಿ ದುಡಿಯುವ ಬಹಳಷ್ಟು ಜನ ಒಂದು ವಿಶೇಷ ತೆರಿಗೆ ಪದ್ಧತಿಯಲ್ಲಿದ್ದರು. ಅವರು ಪೂರ್ತಿ ನೌಕರರೂ ಅಲ್ಲ, ಪೂರ್ತಿ ಸ್ವಂತ ಉದ್ಯಮಿಗಳೂ ಅಲ್ಲ. ಹಾಗಾಗಿ ಸರ್ಕಾರದ ಪರಿಹಾರ ಅವರಿಗೆ ಎರಡೂ ಕಡೆಯಿಂದ ತಪ್ಪಿತು. ತೆರಿಗೆ ಮಾತ್ರ ಅವರು ಅಷ್ಟು ವರ್ಷ ತಪ್ಪಿಸಿರಲಿಲ್ಲ.

ಬ್ಯಾಂಕಿನ ವಿಚಾರ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸುತ್ತದೆ. 2014ರಿಂದ ಯುರೋಪಿನ ಲೆಕ್ಕದ ನಿಯಮದ ಪ್ರಕಾರ ಈ ದುಡಿಮೆ ದೇಶದ ಒಟ್ಟು ಉತ್ಪನ್ನದಲ್ಲಿ ಸೇರುತ್ತದೆ. ಸಂಕೋಚವಿಲ್ಲದೆ ಸೇರಿಸುತ್ತಾರೆ. ಆದರೆ ಅದೇ ಹೆಣ್ಣುಮಗಳು ಉದ್ಯಮದ ಖಾತೆ ತೆರೆಯಲು ಹೋದರೆ ಬ್ಯಾಂಕು ಎಷ್ಟೋ ಸಲ ಬೇಡ ಎನ್ನುತ್ತದೆ. ಮನೆ ಸಾಲ ಕೇಳಿದರೆ, ವಿಮೆ ಕೇಳಿದರೆ, ಅಲ್ಲೂ ಅದೇ ಉತ್ತರ. ಅಕ್ರಮ ಹಣದ ಭಯ ಎನ್ನುತ್ತಾರೆ. ಕಾನೂನುಬದ್ಧ ಕೆಲಸದ, ತೆರಿಗೆ ಕಟ್ಟಿದ ಹಣ ಅಕ್ರಮ ಹೇಗಾಗುತ್ತದೆ? ಖಾತೆ ಇಲ್ಲದವಳು ನಗದು ಇಟ್ಟುಕೊಳ್ಳಬೇಕು. ನಗದು ಇದ್ದರೆ ಅದನ್ನು "ನೋಡಿಕೊಳ್ಳುವವನು" ಒಬ್ಬ ಬೇಕಾಗುತ್ತಾನೆ. ತಲೆಹಿಡುಕ ಹುಟ್ಟುವುದು ಹೀಗೆ. ಬಟ್ಟೆಯ ಸಾಲ ಹೋಗಿ ಇದು ಬಂದಿದೆ ಅಷ್ಟೇ.

ಈಗ ನಮ್ಮ ಗುಂಪಿನ ಜಗಳಕ್ಕೆ ಬರುತ್ತೇನೆ. ಡೆ ವಾಲೆನ್‌ನ ಗದ್ದಲ ಕಡಿಮೆ ಮಾಡಲು ಮೇಯರ್ ಫೆಮ್ಕೆ ಹಾಲ್ಸೆಮಾ ಸುಮಾರು 100 ಕೋಣೆಗಳ ಒಂದು ಕೇಂದ್ರ ಕಟ್ಟಿ, ಇಲ್ಲಿನ ಒಂದಷ್ಟು ಕಿಟಕಿಗಳ ಕೆಲಸವನ್ನು ಅಲ್ಲಿಗೆ ಸಾಗಿಸುವ ಯೋಜನೆ ತಂದರು. 2023ರ ಕೊನೆಗೆ ಜಾಗವೂ ಗೊತ್ತಾಯಿತು, ನಗರದ ದಕ್ಷಿಣಕ್ಕಿರುವ ಯುರೋಪಾಬೌಲೆವಾರ್ಡ್. ನಮ್ಮವರು ತುಂಬಾ ಜನ ಮನೆ ಮಾಡಿರುವ ಕಡೆಗೆ ಹತ್ತಿರ. ಮಕ್ಕಳ ಶಾಲೆ ಹತ್ತಿರ, ಮನೆ ಬೆಲೆ ಬೀಳುತ್ತದೆ, ಸಹಿ ಹಾಕಿ ಎಂದು ಸಂದೇಶಗಳು ಓಡಾಡಿದವು. ಹೆತ್ತವರ ಆತಂಕ ನನಗೂ ಅರ್ಥವಾಗುತ್ತದೆ. ಆದರೆ ನಾನು ಸಹಿ ಹಾಕಲಿಲ್ಲ. ಈ ಯೋಜನೆಯನ್ನು ಮೊದಲು ವಿರೋಧಿಸಿದವರಲ್ಲಿ ಡೆ ವಾಲೆನ್‌ನ ಕಾರ್ಯಕರ್ತೆಯರೂ ಇದ್ದಾರೆ. 2023ರಲ್ಲಿ ಮುಖವಾಡ ಹಾಕಿಕೊಂಡು ನಗರಸಭೆವರೆಗೆ ಮೆರವಣಿಗೆ ಹೋದರು. ಗಲಾಟೆ ಮಾಡುವುದು ಕುಡಿದ ಪ್ರವಾಸಿಗಳು, ಊರು ಬಿಡಬೇಕಾದದ್ದು ನಾವಾ ಎಂಬುದು ಅವರ ಪ್ರಶ್ನೆ. ನಮ್ಮ ಗುಂಪಿನ ಒಂದು ಸಂದೇಶದಲ್ಲೂ ಅವರ ಮಾತು ಬರಲಿಲ್ಲ.

ಮಾದರಿ ಇಲ್ಲವೇ ಇಲ್ಲ ಅಂತಲ್ಲ. 2017ರಲ್ಲಿ ಇದೇ ನಗರದಲ್ಲಿ 'ಮೈ ರೆಡ್ ಲೈಟ್' ಎಂಬ ಸಂಸ್ಥೆ 14 ಕಿಟಕಿಗಳನ್ನು ತೆರೆಯಿತು. ಅದರ ಆಡಳಿತದಲ್ಲಿ ಈ ಕೆಲಸ ಮಾಡುವವರಿಗೂ ಜಾಗ ಇತ್ತು. ಸಣ್ಣ ಪ್ರಯತ್ನ. ಆದರೂ ಕೋಣೆ ಹೇಗಿರಬೇಕು, ನಿಯಮ ಏನಿರಬೇಕು ಎಂದು ಕೋಣೆಯಲ್ಲಿ ಕೂರುವವರನ್ನೇ ಕೇಳಿದ ಪ್ರಯತ್ನ. ಇಷ್ಟು ಶ್ರೀಮಂತ ನಗರಕ್ಕೆ ಅದನ್ನು 100 ಕೋಣೆಗೆ ಬೆಳೆಸುವುದು ಕಷ್ಟವಲ್ಲ.

ಹೊಸ ಕಟ್ಟಡದಲ್ಲಿ ಒಂದು ಪಾಳಿಯ ಬಾಡಿಗೆ ಎಷ್ಟು? ಅದನ್ನು ನಿಗದಿ ಮಾಡುವವರಲ್ಲಿ ಆ ಹೆಂಗಸರು ಎಷ್ಟು ಜನ? ಹುಷಾರಿಲ್ಲದ ದಿನವೂ ಬಾಡಿಗೆ ಕಟ್ಟಬೇಕಾ? ಖಾತೆ ಕೊಡುವ ಬ್ಯಾಂಕ್ ಯಾವುದು? ಹೋಗಲು ಇಷ್ಟವಿಲ್ಲದವಳ ಹಳೇ ಕಿಟಕಿ ಉಳಿಯುತ್ತದಾ? ನಿವಾಸಿಗಳ ಅಹವಾಲು ಕೇಳುವ ಮುಂದಿನ ಸಭೆಯಲ್ಲಿ ಈ ಐದನ್ನೂ ಬರೆದುಕೊಂಡು ಹೋಗಿ ಕೇಳುವವಳಿದ್ದೇನೆ. ದಕ್ಷಿಣ ಆಮ್‌ಸ್ಟರ್‌ಡ್ಯಾಮ್, ಆಮ್‌ಸ್ಟೆಲ್‌ವೇನ್‌ನಲ್ಲಿರುವ ಕನ್ನಡಿಗರು ಜೊತೆಗೆ ಬನ್ನಿ. ಡಚ್ ಚೆನ್ನಾಗಿ ಬರುವ ಯಾರಾದರೂ ಇದ್ದರೆ ಇನ್ನೂ ಒಳ್ಳೆಯದು, ಕಾಮೆಂಟಿನಲ್ಲಿ ತಿಳಿಸಿ.