ಬಿಟಿ ಬದನೆ ಬೇಡ ಎಂದವರು ಒಂದೇ ಪಕ್ಷದವರಾ?

"ಬಿಟಿ ಬದನೆ ವಿರೋಧಿಸಿದವರೆಲ್ಲ ಒಂದೇ ಪಕ್ಷದವರು" ಎಂಬ ಮಾತು ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಬಿಟಿ ಬದನೆ ಎಂದರೆ ಕಾಯಿಕೊರಕ ಹುಳು ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕುಲಾಂತರಿ ಬದನೆ.

2009ರ ಅಕ್ಟೋಬರ್‌ನಲ್ಲಿ ಕೇಂದ್ರದ ತಜ್ಞರ ಸಮಿತಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಆಗ ಬೇಡ ಎಂದವರನ್ನು ನೋಡಿ. ಕರ್ನಾಟಕದ ಬಿಜೆಪಿ ಸರ್ಕಾರ, ಕೇರಳದ ಎಡರಂಗ ಸರ್ಕಾರ, ಆಂಧ್ರದ ಕಾಂಗ್ರೆಸ್ ಸರ್ಕಾರ. ಇವರು ಒಂದೇ ಮಾತು ಆಡುವುದು ಅಪರೂಪ, ಅಲ್ವಾ?

ವಿರೋಧಿಸಿದ ಜನರ ಕಾರಣಗಳೂ ಬೇರೆ ಬೇರೆ. ಬೀಜ ಕಂಪನಿಯ ಕೈಗೆ ಹೋಗುತ್ತದೆಂಬ ಭಯ ಕೆಲವರಿಗೆ, ಆರೋಗ್ಯದ ಚಿಂತೆ ಕೆಲವರಿಗೆ. ಇನ್ನು ಕೆಲವರಿಗೆ ನಾಟಿ ತಳಿ ಕೆಡುವ ಆತಂಕ. ಈ ಆತಂಕ ನಮಗೆ ದೂರದ್ದಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಬಿಟಿ ಮಾಡಲು ಆರಿಸಿದ ತಳಿಗಳಲ್ಲಿ ಕುಡಚಿ, ರಬಕವಿ ಬದನೆಯೂ ಇದ್ದವು. ರೊಟ್ಟಿ ಜೊತೆ ದಿನಾ ತಿನ್ನುವ ಕಾಯಿ ಇದು.

7 ನಗರಗಳಲ್ಲಿ ಜನರ ಮಾತು ಕೇಳಿದ ಮೇಲೆ, 2010ರ ಫೆಬ್ರವರಿ 9ರಂದು ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಯನ್ನು ತಡೆಹಿಡಿದರು.